ಗಣಕಯಂತ್ರವೂ ನಮ್ಮ ಮನೆಯ ಹಾಡುಗಳೂ

ವ್ಯಾಕರಣ ಓದಿದವನಿಗೆ ಗಣಕಯಂತ್ರದ ಹುಚ್ಚು ಹಿಡಿದಿದೆಯೆಂದರೆ ಜನರು ಮೊದಲು ನಗುವರು. ಅನಂತರ ತಾವಾಗಿಯೇ ಅದಕ್ಕೊಂದು ಸಮಾಧಾನವನ್ನು ಕಂಡುಕೊಳ್ಳುವರು. "ಅದರಲ್ಲೇನು ಆಶ್ಚರ್ಯ ಮೇಷ್ಟ್ರೇ! ಗಣಕಯಂತ್ರಕ್ಕೆ ಎಲ್ಲಕ್ಕಿಂತ ತಕ್ಕ ಭಾಷೆ ಸಂಸ್ಕೃತವೇ ಎಂದು ಅಮೆರಿಕದ ನಾಸಾದವರೇ ಒಪ್ಪಿಕೊಂಡಿದ್ದಾರಂತೆ" ಎನ್ನುವರು. ಮದುವೆಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ನಾವು ಓದಿದ ವಿದ್ಯೆಯ ಹೊಗಳಿಕೆಯಲ್ಲವೆ ಎಂದು ಸುಮ್ಮನಿರಬಹುದಾಗಿತ್ತು. ಆದರೆ ಸುಳ್ಳು ಸಾಕ್ಷಿಯಿಂದ ಗೆದ್ದ ವ್ಯಾಜ್ಯವು ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಡೆದುದು ಇಷ್ಟೇ. ನಾಸಾದ ಏಮ್ಸ್ ಸಂಶೋಧನಾಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ ಒಂದು ಲೇಖನವನ್ನು ಬರೆದರು. ನಮ್ಮ ವೈಯಾಕರಣರು ಶಾಬ್ದಬೋಧವನ್ನು ನಿರೂಪಿಸುವಾಗ ವಾಕ್ಯವನ್ನು ಬಿಡಿಸಿಡುವ ಕ್ರಮಕ್ಕೂ, ಯಂತ್ರಕ್ಕೆ ಅರ್ಥವನ್ನು ತಿಳಿಯಪಡಿಸಲು ಆ ಕಾಲದ ವಿದ್ವಾಂಸರು ಹೆಣೆಯುತ್ತಿದ್ದ ಸಂಬಂಧಜಾಲಗಳಿಗೂ ಸಾಮ್ಯವುಂಟೆಂಬುದು ಅದರ ತಾತ್ಪರ್ಯ. ಅದು ಒಬ್ಬರ ಲೇಖನವೇ ಹೊರತು ಸಂಸ್ಥೆಯ ತೀರ್ಪಲ್ಲ. ಇಂದಿಗೂ ನಮ್ಮ ಮನೆಗಳಲ್ಲಿರುವ ಯಂತ್ರಗಳಾವುವೂ ಸಂಸ್ಕೃತದಲ್ಲಿ ನಡೆಯುತ್ತಿಲ್ಲ.

ಪಾಣಿನಿಯ ಹಿರಿಮೆಗೆ ಈ ಊರುಗೋಲು ಬೇಕಾಗಿಯೂ ಇಲ್ಲ. ಹೆಚ್ಚುಕಡಿಮೆ ನಾಲ್ಕು ಸಾವಿರ ಸೂತ್ರಗಳಲ್ಲಿ ಆತನು ಒಂದು ಭಾಷೆಯನ್ನು ಅಡಕಮಾಡಿದನು. ಹದಿನಾಲ್ಕು ಮಾಹೇಶ್ವರಸೂತ್ರಗಳಲ್ಲಿ ವರ್ಣಗಳನ್ನು ಸಾಲಾಗಿ ಜೋಡಿಸಿಕೊಂಡು, 'ಅಚ್' ಎಂದರೆ ಸ್ವರಗಳೆಲ್ಲ, 'ಹಲ್' ಎಂದರೆ ವ್ಯಂಜನಗಳೆಲ್ಲ ಎಂದು ಒಂದೊಂದು ಉಸಿರಿನಲ್ಲಿ ಹೇಳುವ ಉಪಾಯವನ್ನು ಮಾಡಿದನು. ಒಂದು ಸೂತ್ರದಲ್ಲಿ ಬಂದ ಪದವು ಮುಂದಿನವುಗಳಿಗೆ ತಾನಾಗಿ ಹರಿದುಬರುವುದು. ಎರಡು ವಿಧಿಗಳು ಒಂದೇ ಎಡೆಯಲ್ಲಿ ಪರಸ್ಪರ ವಿರೋಧಿಸಿದರೆ ಯಾವುದು ಗೆಲ್ಲತಕ್ಕದ್ದೆಂಬುದಕ್ಕೂ ಒಂದು ವಿಧಿಯುಂಟು. ತಂತ್ರಾಂಶವನ್ನು ಬರೆಯುವವರು ಹಗಲಿರುಳು ಮಾಡುವ ಕೆಲಸವೂ ಈ ಜಾತಿಯದೇ. ಗಣಕಭಾಷೆಗಳಿಗೆ ವ್ಯಾಕರಣ ಬರೆಯಲು ಬ್ಯಾಕಸ್ ಎಂಬವರು ರೂಪಿಸಿದ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಸೂಚಿಸಿದರು. ಇದರಲ್ಲಿ ಹುರುಳುಂಟು. ಅರೆಮಾತ್ರೆ ಉಳಿದರೂ ಸಾಕು, ವೈಯಾಕರಣನು ಮನೆಯಲ್ಲಿ ಮಗ ಹುಟ್ಟಿದಷ್ಟು ಹಿಗ್ಗುವನೆಂದು ನಮ್ಮ ಗುರುಗಳು ನಗುತ್ತಿದ್ದರು. ನನ್ನ ಹಳೆಯ ಶಿಷ್ಯನೊಬ್ಬನು ಹತ್ತು ಸಾಲಿನ ಆದೇಶವನ್ನು ಮೂರು ಸಾಲಿಗಿಳಿಸಿ ನಮ್ಮ ಜಗಲಿಯಲ್ಲಿ ಕುಣಿದುದನ್ನು ಕಂಡಾಗ ನನಗೆ ಆ ಗುರುಗಳ ಮುಖವೇ ನೆನಪಿಗೆ ಬಂದಿತು.

ನನಗೆ ಈ ಗೀಳು ಅಂಟಿದುದು 2003ರಲ್ಲಿ. ನಮ್ಮ ಶಾಲೆಗೆ ಐದು ಗಣಕಯಂತ್ರಗಳು ಬಂದು, ಮೂರು ತಿಂಗಳು ಪೆಟ್ಟಿಗೆಯಲ್ಲಿಯೇ ಕುಳಿತಿದ್ದುವು. ವಿಜ್ಞಾನದ ಉಪಾಧ್ಯಾಯರಿಗೆ ಸಂಜೆ ಮನೆಪಾಠ, ಗಣಿತದವರಿಗೂ ಹಾಗೆಯೇ. ಸಂಸ್ಕೃತಕ್ಕೆ ಮನೆಪಾಠ ಹೇಳಿಸಿಕೊಳ್ಳುವವರಾರು? ಬಿಡುವಿದ್ದವನು ನಾನೊಬ್ಬನೇ ಆದುದರಿಂದ ಕೊಠಡಿಯ ಬೀಗದಕೈ ನನ್ನ ಪಾಲಿಗೆ ಬಂದಿತು. ಅಲ್ಲಿ ನನಗೆ ಮೊದಲು ಪರಿಚಯವಾದುದು ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆ. ಹಳೆಯ ಟೈಪುರೈಟರಿನಲ್ಲಿ ಅಕ್ಷರದ ಅವಯವಗಳನ್ನು ಒಂದೊಂದಾಗಿ ತಂದು ಜೋಡಿಸಬೇಕಾಗಿದ್ದಿತು. ರಾಯರ ಕೀಲಿಮಣೆಯಲ್ಲಾದರೋ ನಾವು ಉಚ್ಚರಿಸುವ ಕ್ರಮದಲ್ಲಿ ಧ್ವನಿಗಳನ್ನು ಒತ್ತಿದರೆ ಸಾಕು. ಗುಣಿತವನ್ನೂ ಒತ್ತನ್ನೂ ಯಂತ್ರವೇ ಕಟ್ಟಿಕೊಳ್ಳುವುದು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ವರ್ಣಮಾಲೆಯೆಲ್ಲ ಅಡಗಿತು. ಶಿಕ್ಷಾಶಾಸ್ತ್ರವನ್ನು ಬಲ್ಲವರು ಮಾತ್ರ ಮಾಡಬಹುದಾದ ಕೆಲಸವಿದು ಎಂದು ನನಗೆ ತೋರಿತು. ಆ ದಿನದಿಂದ ನಾನು ಆ ಕೊಠಡಿಯನ್ನು ಬಿಟ್ಟು ಏಳಲಿಲ್ಲ.

ಎರಡು ವರ್ಷಗಳಲ್ಲಿ ಸಾಲ ಮಾಡಿ ಮನೆಗೂ ಒಂದು ಯಂತ್ರವನ್ನು ತಂದೆನು. ತಂದುದಕ್ಕೆ ಒಂದು ನೆಪ ಬೇಕಾಗಿದ್ದಿತು. ನನ್ನ ಪತ್ನಿಗೆ ಬರುತ್ತಿದ್ದ ಸಂಪ್ರದಾಯದ ಹಾಡುಗಳನ್ನೆಲ್ಲ ಬರೆದಿಡುವೆನೆಂದು ಹೇಳಿದೆನು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ಬೀಸುವ ಕಲ್ಲಿನ ಹಾಡು, ತೊಟ್ಟಿಲ ಹಾಡು, ಹೀಗೆ ಆಕೆಯ ತಾಯಿ, ಅಜ್ಜಿಯರಿಂದ ಬಂದುವು ನೂರಕ್ಕೆ ಮೇಲಿದ್ದುವು. ಒಂದನ್ನೂ ಆಕೆ ಬರೆದಿಟ್ಟವಳಲ್ಲ. ಮೊದಲನೆಯ ದಿನ ಕುರ್ಚಿಯ ಮೇಲೆ ಕುಳ್ಳಿರಿಸಿ "ಹಾಡು" ಎಂದರೆ, "ಸುಮ್ಮನೆ ಕೂತು ಹಾಡು ಅಂದ್ರೆ ಹೇಗ್ರೀ ನೆನಪಾಗುತ್ತೆ? ಕೈಗೆ ಏನಾದರೂ ಕೆಲಸ ಬೇಕು" ಎಂದು ಎದ್ದುಹೋದಳು. ಅಂದಿನಿಂದ ಯಂತ್ರವನ್ನೇ ಅಡಿಗೆಮನೆಯ ಬಾಗಿಲಿಗೆ ಸರಿಸಿದೆನು. ಆಕೆ ಸೊಪ್ಪು ಸೋಸುತ್ತ, ಹೂ ಕಟ್ಟುತ್ತ, ಪಾತ್ರೆ ಉಜ್ಜುತ್ತ ಹಾಡುವಳು. ನಾನು ಹೊಸ್ತಿಲಿನ ಈಚೆ ಕುಳಿತು ಕೀಲಿಗಳನ್ನು ಒತ್ತುವೆನು. ಒಗ್ಗರಣೆಯ ಸದ್ದಿಗೆ ಎಷ್ಟೋ ಪಾದಗಳು ತಪ್ಪಿಹೋಗಿ, ಮತ್ತೆ ಹಾಡೆಂದು ಕೇಳಿ ಬೈಸಿಕೊಂಡಿರುವೆನು. ಮೂರು ವರ್ಷಗಳ ಸಂಜೆಗಳಲ್ಲಿ ತೊಂಬತ್ತಮೂರು ಹಾಡುಗಳಾದುವು.

ಆಕೆ 2016ರಲ್ಲಿ ತೀರಿಕೊಂಡಳು. ಆ ಕಡತವನ್ನು ತೆರೆಯಲು ನನಗೆ ಬಹುಕಾಲ ಮನಸ್ಸಾಗಲಿಲ್ಲ. ಹಳೆಯ ಯಂತ್ರ ಕೆಟ್ಟುಹೋಗಿ, 2022ರಲ್ಲಿ ಹೊಸದೊಂದು ಬಂದಾಗ, ಶ್ರಾವಣದ ಒಂದು ಬೆಳಿಗ್ಗೆ ಧೈರ್ಯಮಾಡಿ ತೆರೆದೆನು. ಪರದೆಯ ಮೇಲೆ ಒಂದಾದರೂ ಕನ್ನಡ ಅಕ್ಷರವಿರಲಿಲ್ಲ. ಕಕಾರವಿರಬೇಕಾದೆಡೆಯಲ್ಲಿ ಇಂಗ್ಲಿಷಿನ 'ಪಿ' ಅಕ್ಷರ. ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆಯನ್ನು ಹೊತ್ತ 'ಎ' ಅಕ್ಷರ. ನಕಾರವಿರಬೇಕಾದೆಡೆಯಲ್ಲೆಲ್ಲ ಬ್ರಿಟಿಷರ ಪೌಂಡಿನ ಗುರುತು. ಮುತ್ತೈದೆಯರು ಹಸೆಗೆ ಕರೆಯುವ ಹಾಡು ಲಂಡನ್ನಿನ ಸಾಹುಕಾರನ ಲೆಕ್ಕದ ಪುಸ್ತಕದಂತೆ ಕಾಣುತ್ತಿದ್ದಿತು. ಎಷ್ಟು ಪುಟಗಳನ್ನು ತಿರುವಿದರೂ ಪೌಂಡುಗಳೇ. ನಾನು ಯಂತ್ರವನ್ನು ಮುಚ್ಚಿ ಹಿತ್ತಿಲಿಗೆ ಹೋಗಿ ಕುಳಿತೆನು.

ಇದಕ್ಕೆ ಕಾರಣವನ್ನು ವಾಚಕರಿಗೆ ತಿಳಿಸಬೇಕು. ಏಕೆಂದರೆ ಎಷ್ಟೋ ಮನೆಗಳ ಬೀರುಗಳಲ್ಲಿ ಈ ಬಗೆಯ ಕಡತಗಳು ಇಂದಿಗೂ ಮಲಗಿವೆ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಆ ಕಾಲದ ನಮ್ಮ ತಂತ್ರಾಂಶಗಳು ಇಂಗ್ಲಿಷ್ ಮೊದಲಾದ ಯೂರೋಪಿನ ಅಕ್ಷರಗಳಿಗೆ ಗೊತ್ತಾಗಿದ್ದ ಸಂಖ್ಯೆಗಳನ್ನೇ ಎರವಲು ಪಡೆದು, ಆ ಅಕ್ಷರಗಳ ಚಿತ್ರಗಳನ್ನು ತೆಗೆದುಹಾಕಿ ಕನ್ನಡದ ತುಣುಕುಗಳ ಚಿತ್ರಗಳನ್ನು ಅಲ್ಲಿ ಕೂರಿಸಿದ್ದುವು. ಇದು ವೇಷ ಹಾಕಿದಂತೆ. ಆ ಫಾಂಟು ಇರುವ ಯಂತ್ರದಲ್ಲಿ ಪಾತ್ರಧಾರಿಯು ಕೃಷ್ಣನಾಗಿ ಕಾಣುವನು. ಫಾಂಟು ಇಲ್ಲದ ಯಂತ್ರದಲ್ಲಿ ಬಣ್ಣ ತೊಳೆದು ಬೀಡಿ ಸೇದುತ್ತ ನಿಲ್ಲುವನು. ಅಂದಿನವರನ್ನು ನಾನು ಹಳಿಯಲಾರೆ. ಬೇರೆ ದಾರಿ ಇಲ್ಲದಿದ್ದಾಗ ಅವರು ಕನ್ನಡವನ್ನು ಯಂತ್ರದೊಳಕ್ಕೆ ತಂದರು. ಆದರೆ ಅದು ಸೇತುವೆ ಕಟ್ಟುವವರೆಗಿನ ಹರಿಗೋಲಾಗಿದ್ದಿತು. ನಾವು ಸೇತುವೆಯಾದಮೇಲೆಯೂ ಬಹುಕಾಲ ಹರಿಗೋಲಿನಲ್ಲಿಯೇ ಸಾಮಾನು ಸಾಗಿಸಿದೆವು.

ಸೇತುವೆಯೆಂದರೆ ಯೂನಿಕೋಡ್ ಎಂಬ ವ್ಯವಸ್ಥೆ. ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಬೇರೆ ಯಾರೊಡನೆಯೂ ಹಂಚಿಕೊಳ್ಳದ ಸ್ವಂತ ಸಂಖ್ಯೆಯನ್ನು ಕೊಡುವುದು ಅದರ ಸಂಕಲ್ಪ. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಎಡೆ ದೊರೆಯಿತು. ಕಕಾರದ ಸಂಖ್ಯೆ 3221. ಈ ಸಂಖ್ಯೆ ಅಮೆರಿಕದಲ್ಲಿಯೂ ಅರಕಲಗೂಡಿನಲ್ಲಿಯೂ ಕಕಾರವೇ. ಇಲ್ಲಿ ವ್ಯಾಕರಣ ಬಲ್ಲವರಿಗೆ ಒಂದು ಸ್ವಾರಸ್ಯವನ್ನು ಹೇಳಿಬಿಡುವೆನು. ನಮ್ಮ ಶಾಸ್ತ್ರದಲ್ಲಿ 'ಕ್' ಎಂಬುದು ಮೊದಲು. ಅದಕ್ಕೆ ಅಕಾರ ಸೇರಿದರೆ 'ಕ'. ಯೂನಿಕೋಡಿನಲ್ಲಾದರೋ 'ಕ' ಎಂಬುದೇ ಮೂಲಧನ. 3277 ಎಂಬ ಸಂಖ್ಯೆಯ ವಿರಾಮಚಿಹ್ನೆ ಬಂದು ಅಕಾರವನ್ನು ಕತ್ತರಿಸಿದರೆ 'ಕ್' ಆಗುವುದು. ತಮಾಷೆಯೆಂದರೆ, ಬಿಟ್ಟುಬಂದ ಹರಿಗೋಲಿನಲ್ಲಿ ಕಕಾರದ ಒಡಲು ಬೇರೆ, ತಲೆಕಟ್ಟು ಬೇರೆ ಆಗಿದ್ದುವು. ಓರೆಗೆರೆ ಹೊತ್ತ ಆ 'ಎ' ಎಂಬುದು ನಮ್ಮ ತಲೆಕಟ್ಟೇ! ಶಾಸ್ತ್ರಕ್ಕೆ ಹತ್ತಿರವಿದ್ದುದು ತಪ್ಪು ದಾರಿಯೇ ಎಂದು ಒಂದು ಕ್ಷಣ ನಕ್ಕೆನು. ಇನ್ನೊಂದು. ಹಳಗನ್ನಡದ ೞಕಾರದ ವಿಷಯವಾಗಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಎಷ್ಟು ಶ್ರಮಪಟ್ಟಿರುವನೆಂಬುದು ಓದಿದವರಿಗೆ ಗೊತ್ತು. ಯೂನಿಕೋಡಿನ ಪಟ್ಟಿಯಲ್ಲಿ 3294ನೆಯ ಸ್ಥಾನದಲ್ಲಿರುವ ಆ ಅಕ್ಷರದ ಇಂಗ್ಲಿಷ್ ಹೆಸರು 'ಫ' ಎಂದಿದೆ! ಯಾರದೋ ಕೈತಪ್ಪು. ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಾಯಿಸತಕ್ಕದ್ದಲ್ಲವೆಂದು ಅವರ ನಿಯಮ. ಆದುದರಿಂದ ಹೆಸರನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಸರಿಯಾದ ಹೆಸರನ್ನು ಬರೆದುಕೊಂಡಿದ್ದಾರೆ. ನಮ್ಮಲ್ಲಿ ಇಂಥದಕ್ಕೆ ನಿಪಾತನವೆಂದು ಹೇಳಿ ಮುಂದೆ ಹೋಗುವೆವು. ತಪ್ಪಾದರೂ ಸ್ಥಿರವಾಗಿರುವ ಹೆಸರು, ಸರಿಯಾದರೂ ದಿನಕ್ಕೊಮ್ಮೆ ಬದಲಾಗುವ ಹೆಸರಿಗಿಂತ ಲೇಸೆಂಬ ಅವರ ಮತವನ್ನು ನಾನು ಒಪ್ಪುವೆನು.

ಹಿತ್ತಿಲಿನಲ್ಲಿ ಕುಳಿತಿದ್ದ ನನ್ನನ್ನು ಎಬ್ಬಿಸಿದವನು ಜಗಲಿಯಲ್ಲಿ ಕುಣಿದ ಆ ಶಿಷ್ಯನೇ. "ಮೇಷ್ಟ್ರೇ, ಹಾಳಾಗಿಲ್ಲ ಬಿಡಿ. ವೇಷ ಬದಲಾಯಿಸಿದರೆ ಆಯಿತು" ಎಂದನು. ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸುವ ತಂತ್ರಾಂಶಗಳುಂಟು. ಕನ್ನಡದ ಹುಡುಗರೇ ಬರೆದು ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಅರ್ಧ ನಿಮಿಷದಲ್ಲಿ ಎಪ್ಪತ್ತನಾಲ್ಕು ಹಾಡುಗಳು ಕನ್ನಡವಾದುವು. ಆದರೆ ಅರ್ಕಾವೊತ್ತು ಬಂದೆಡೆಯಲ್ಲೆಲ್ಲ ತೊಡಕು. ನಾವು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಬರೆಯುವೆವು, ಉಚ್ಚಾರಣೆಯಲ್ಲಿ ಮೊದಲು ಹೇಳುವೆವು. ಈ ಹಿಂದುಮುಂದು ತಿಳಿಯದೆ ಯಂತ್ರವು 'ಸೂರ್ಯ'ನನ್ನು 'ಸೂಯರ್' ಎಂದೂ, 'ಕರ್ನಾಟಕ'ವನ್ನು 'ಕನಾರ್ಟಕ'ವೆಂದೂ ಮಾಡಿಟ್ಟಿದ್ದಿತು. ಒಂದೊಂದನ್ನೂ ತಿದ್ದಲು ಆರು ತಿಂಗಳು ಹಿಡಿಯಿತು. ತಿದ್ದುವಾಗ ಹಾಡನ್ನು ಬಾಯಲ್ಲಿ ಗುಣುಗಬೇಕು. ಗುಣುಗುವಾಗ ಒಗ್ಗರಣೆಯ ಸದ್ದೂ ಕೇಳಿಸುವುದು. ಅದಿರಲಿ.

ಉಳಿದ ಹತ್ತೊಂಬತ್ತರ ಕಥೆ ಬೇರೆ. ಮಗಳ ಮದುವೆಯಲ್ಲಿ ಬಂದವರಿಗೆ ಕೊಡಲು ಹಾಡುಗಳದೊಂದು ಚಿಕ್ಕ ಪುಸ್ತಕವನ್ನು ಮಾಡಿಸಬೇಕೆಂದು ಹೊರಟು, ಆ ಹತ್ತೊಂಬತ್ತನ್ನು ಅವಸರದಲ್ಲಿ ಅಕ್ಷರಜೋಡಣೆಯ ಅಂಗಡಿಯಲ್ಲಿಯೇ ಕುಳಿತು ಟೈಪು ಮಾಡಿದ್ದೆನು. ಪತ್ನಿಯೂ ಜೊತೆಗೆ ಬಂದು, ಕೈಗೆ ಕೆಲಸ ಬೇಕೆಂದು ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದ್ದಳು. ಮದುವೆಯ ಖರ್ಚು ಏರಿದುದರಿಂದ ಪುಸ್ತಕವು ಅಚ್ಚಾಗಲಿಲ್ಲ. ಪುಟವಿನ್ಯಾಸದ ತಂತ್ರಾಂಶದಲ್ಲಿದ್ದ ಕಡತ ಮಾತ್ರ ಒಂದು ತಟ್ಟೆಯಲ್ಲಿ ಉಳಿಯಿತು. ಅದನ್ನು ತೆರೆಯಬಲ್ಲದು ಆ ತಂತ್ರಾಂಶವೊಂದೇ. ಅದನ್ನು ಮಾರುತ್ತಿದ್ದ ಸಂಸ್ಥೆಯವರು ಮಾರುವುದನ್ನು ನಿಲ್ಲಿಸಿದ್ದಾರೆ. ಅವರ ಹೊಸ ತಂತ್ರಾಂಶಕ್ಕೆ ವರ್ಷ ವರ್ಷವೂ ಬಾಡಿಗೆ ತೆರಬೇಕು, ತೆತ್ತರೂ ಅದು ಈ ಹಳೆಯ ಕಡತವನ್ನು ತೆರೆಯಲಾರದು. ಕಡತದ ಒಳಗಡೆಯ ರಚನೆ ಹೇಗಿದೆಯೆಂಬುದನ್ನು ಅವರು ಹೊರಗಿನವರಿಗೆ ತಿಳಿಸಿದವರಲ್ಲ. ಪತ್ರ ಬರೆದೆನು. ಬಂದ ಉತ್ತರದ ಸಾರವೇನೆಂದರೆ, ಅಂಗಡಿಯವನು ಕೊಂಡುದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅಪ್ಪಣೆಯನ್ನು. ಆ ಅಪ್ಪಣೆಯ ಕಾಲ ಮುಗಿದಿದೆ.

ನನ್ನ ಅಭಿಪ್ರಾಯಗಳೆಲ್ಲ ಗಟ್ಟಿಯಾದುದು ಆ ಪತ್ರವನ್ನು ಓದಿದ ದಿನ. ಹಾಡು ಆಕೆಯ ಅಜ್ಜಿಯದು, ದನಿ ಆಕೆಯದು, ಬೆರಳು ನನ್ನದು. ಓದಲು ಅಪ್ಪಣೆ ಮಾತ್ರ ಸಾಗರದಾಚೆಯವರದು! ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಯೋಲೆಗಳನ್ನು ಶಾಮಶಾಸ್ತ್ರಿಗಳು ಓದಿ, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಮಾಡಿಸಿದರು. ಎಷ್ಟೋ ಶತಮಾನಗಳಿಂದ ಕಣ್ಮರೆಯಾಗಿದ್ದ ಗ್ರಂಥ. ಅದನ್ನು ಓದಲು ಅವರಿಗೆ ಬೇಕಾದುದು ಲಿಪಿಯ ಜ್ಞಾನ, ಕಣ್ಣು, ತಾಳ್ಮೆ. ಓಲೆಯನ್ನು ಹದಮಾಡಿದವನ ಮೊಮ್ಮಕ್ಕಳು ಬಂದು ಪರವಾನಗಿ ಮುಗಿಯಿತೆನ್ನಲಿಲ್ಲ. ಗೆದ್ದಲಿನ ಭಯವಿದ್ದಿತು, ನಿಜ. ಗೆದ್ದಲು ಎಲ್ಲರಿಗೂ ಸಮ.

ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರಿಗೆ ಈ ಬುದ್ಧಿ ಬಂದುದು ಒಂದು ಮುದ್ರಣಯಂತ್ರದಿಂದ. 1980ರ ಸುಮಾರಿಗೆ ಅವರ ಪ್ರಯೋಗಶಾಲೆಗೆ ಬಂದ ಹೊಸ ಯಂತ್ರದಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದಿತು. ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ತಂತ್ರಾಂಶವನ್ನು ತಿದ್ದೋಣವೆಂದರೆ ಅದರ ಮೂಲಪಾಠವನ್ನು ಕೊಡಲಿಲ್ಲ. ಕೊಡಬಲ್ಲವನೊಬ್ಬನು, ಯಾರಿಗೂ ತೋರಿಸುವುದಿಲ್ಲವೆಂದು ಮಾತು ಕೊಟ್ಟಿರುವೆನೆಂದನು. 1983ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬಳಸಲು, ಓದಿ ತಿದ್ದಲು, ಹಂಚಲು, ತಿದ್ದಿದುದನ್ನೂ ಹಂಚಲು ಎಲ್ಲರಿಗೂ ಸ್ವಾತಂತ್ರ್ಯವಿರಬೇಕೆಂಬುದು ಅವರ ಮತ. ಮನೆಗೆ ಒಂದು ಒರಳುಕಲ್ಲು ತಂದರೆ ಅದನ್ನು ಮತ್ತೆ ಮುಳ್ಳು ಹೊಯ್ಯಿಸಲು ಮಾರಿದವನ ಅಪ್ಪಣೆ ಬೇಕೆಂದು ಯಾವ ಗೃಹಿಣಿಯೂ ಒಪ್ಪಲಾರಳು. ಇದೂ ಅಷ್ಟೇ ಸರಳವಾದ ಮಾತು. ನಾನು ಈಗ ಈ ಪಂಥದ ಲಿನಕ್ಸ್ ಎಂಬ ವ್ಯವಸ್ಥೆಯನ್ನೇ ಬಳಸುವೆನು. 'ಗುಬ್ಬಿ', 'ನವಿಲು' ಎಂದು ಹೆಸರಿಟ್ಟು ಕನ್ನಡಿಗರು ಬಿಟ್ಟುಕೊಟ್ಟ ಫಾಂಟುಗಳಲ್ಲಿ ಬರೆಯುವೆನು. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಇಂಥದರಲ್ಲಿಯೇ ಕಲಿಯುವರು. ನಮ್ಮಲ್ಲಿಯೂ ಆಗಲೆಂದು ಸೇವೆಯಲ್ಲಿದ್ದಾಗ ಮೂರು ಅರ್ಜಿ ಬರೆದೆನು. ಅವುಗಳ ಗತಿಯನ್ನು ನಾನು ವಿಚಾರಿಸಲಿಲ್ಲ, ಯಾರೂ ತಿಳಿಸಲೂ ಇಲ್ಲ.

"ತಂತ್ರಾಂಶದ ಮಾತಿನಲ್ಲಿ ರಾಜಕೀಯವೇಕೆ?" ಎಂದು ನಮ್ಮ ಸಂಜೆಯ ಗೋಷ್ಠಿಯಲ್ಲಿ ಒಬ್ಬರು ಕೇಳುವರು. ನಾನು ತಂದುದಲ್ಲ, ಅದು ತಾನಾಗಿಯೇ ನಮ್ಮ ಬೀದಿಗೆ ಬಂದಿದೆ. ಪಡಿತರದ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಿಯೊಬ್ಬಳು ಬೆರಳನ್ನು ಐದು ಸಲ ಒತ್ತಿದಳು. ಮುಸುರೆ ತಿಕ್ಕಿ, ಕಳೆ ಕಿತ್ತು ಗೆರೆಗಳು ಸವೆದ ಬೆರಳು. ಯಂತ್ರ ಒಪ್ಪಲಿಲ್ಲ. ಅಂಗಡಿಯವನಿಗೆ ಆಕೆ ಮೂವತ್ತು ವರ್ಷದ ಪರಿಚಯ. ಆದರೂ ಅವನು ಕೈಚೆಲ್ಲಿ "ನಾನೇನ್ ಮಾಡ್ಲವ್ವ, ಇದು ಒಪ್ತಾ ಇಲ್ಲ" ಎಂದನು. ಬೆರಳು ಒಗ್ಗದವರಿಗೆ ಬೇರೆ ದಾರಿಗಳುಂಟೆಂದು ನಿಯಮದಲ್ಲಿದೆ. ಆ ದಾರಿ ಆ ದಿನ ಆ ಅಂಗಡಿಯವರೆಗೆ ಬಂದಿರಲಿಲ್ಲ. ಹಿಂದೆ ಅಧಿಕಾರಿ ಇಲ್ಲವೆಂದರೆ ಏಕೆಂದು ಕೇಳಬಹುದಾಗಿತ್ತು. ಯಂತ್ರವನ್ನು ಕೇಳುವುದು ಹೇಗೆ? ವಿಧಿಯನ್ನು ಬರೆದವನು ಯಾರು, ಅದರಲ್ಲಿ ಏನು ಬರೆದಿದೆ ಎಂಬುದು ಪ್ರಜೆಗೆ ಕಾಣದಿದ್ದರೆ, ಅದು ಓದಲು ಕೊಡದ ಧರ್ಮಶಾಸ್ತ್ರ. ಈ ಪ್ರಶ್ನೆಗಳನ್ನು ನ್ಯಾಯಸ್ಥಾನಕ್ಕೆ ಒಯ್ದವರಲ್ಲಿ ಮುಖ್ಯರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತವಾದ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಮರುವರ್ಷ ಸುಪ್ರೀಂ ಕೋರ್ಟು ಆಧಾರ್ ಕಾನೂನನ್ನು ಬಹುಮಟ್ಟಿಗೆ ಎತ್ತಿಹಿಡಿದು, ಖಾಸಗಿ ಕಂಪನಿಗಳು ಅದನ್ನು ಬೇಡುವುದನ್ನು ತಡೆಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಜಗಲಿಯಲ್ಲಿ ಕುಳಿತು ಗೊಣಗುವುದು ಎಷ್ಟು ಸುಲಭವೆಂದು ಬಲ್ಲವನಾದ ನನಗೆ ಅವರಲ್ಲಿ ವಿಶೇಷವಾದ ಗೌರವ.

ಇಷ್ಟರಿಂದ ನಾನು ಯಂತ್ರದ್ವೇಷಿಯೆಂದು ಯಾರೂ ತಿಳಿಯಬಾರದು. 2016ರಲ್ಲಿ ಯುಪಿಐ ಎಂಬ ಪಾವತಿಯ ಪದ್ಧತಿ ಬಂದಮೇಲೆ ನಮ್ಮ ಸೊಪ್ಪಿನವಳಿಗೂ ನನಗೂ ಚಿಲ್ಲರೆಯ ಜಗಳ ನಿಂತಿದೆ. ಆಕೆಯ ತಕ್ಕಡಿಯ ಪಕ್ಕದ ಪೆಟ್ಟಿಗೆ ಹಣ ಬಂದುದನ್ನು ಕನ್ನಡದಲ್ಲಿ ಕೂಗುವುದು. ಉಚ್ಚಾರಣೆ ಕೆಟ್ಟದ್ದು, ಲೆಕ್ಕ ಸರಿ. ಆದರೆ ನನ್ನ ಮೊಮ್ಮಗನು ಫೋನಿನಲ್ಲಿ ಹೊಸದೇನನ್ನಾದರೂ ಹಾಕಿಕೊಳ್ಳುವಾಗ ಬರುವ ಇಪ್ಪತ್ತು ಪುಟದ ಕರಾರನ್ನು ಓದದೆಯೇ 'ಒಪ್ಪಿದ್ದೇನೆ' ಎಂದು ಒತ್ತುವುದನ್ನು ಕಂಡರೆ ನನ್ನ ಕೈ ಇಂದಿಗೂ ಅವನ ಕಿವಿಯ ಕಡೆಗೆ ಹೋಗುವುದು. ಒಂದು ಭಾನುವಾರ ಅಂಥ ಕರಾರೊಂದನ್ನು ಮೊದಲಿಂದ ಕೊನೆಯವರೆಗೆ ಓದಿದೆನು. ನವ್ಯನ್ಯಾಯದ ಗ್ರಂಥಗಳು ಅದಕ್ಕಿಂತ ಸುಲಭ, ಅವುಗಳಿಗಾದರೂ ವ್ಯಾಖ್ಯಾನಗಳುಂಟು.

ಹತ್ತೊಂಬತ್ತು ಹಾಡುಗಳನ್ನು ಶಿಷ್ಯನು ಕೈಬಿಡಲಿಲ್ಲ. ಕಡತವನ್ನು ಸರಿಯಾಗಿ ತೆರೆಯಲಾಗದಿದ್ದರೂ ಅದರ ಒಡಲನ್ನು ಬಗೆದು, ಸಂಖ್ಯೆಗಳ ರಾಶಿಯ ನಡುವಿನಿಂದ ಅಕ್ಷರದ ಸಾಲುಗಳನ್ನು ಹೆಕ್ಕಿ ತೆಗೆದನು. ಹನ್ನೊಂದು ಹಾಡುಗಳು ಪೂರ್ತಿಯಾಗಿ ಬಂದುವು. ಎಂಟರಲ್ಲಿ ಅಲ್ಲಲ್ಲಿ ತೂತುಗಳು. ಅವುಗಳನ್ನು ನಾನೂ ಮಗಳೂ ಫೋನಿನಲ್ಲಿ ಮಾತನಾಡಿಕೊಂಡು ನೆನಪಿನಿಂದ ತುಂಬಿದೆವು. ಉಳಿದುದು ಒಂದು ತೊಟ್ಟಿಲ ಹಾಡು. ಅದರ ಎರಡನೆಯ ಪಾದದಲ್ಲಿ ಮಗುವಿನ ಜಡೆಗೆ ಮುಡಿಸುವ ಹೂವಿನ ಹೆಸರೊಂದು ಬರುವುದು. ಮಲ್ಲಿಗೆಯೆಂದು ನನ್ನ ನೆನಪು. "ಇಲ್ಲಪ್ಪ, ಅಮ್ಮ ಹಾಡ್ತಾ ಇದ್ದದ್ದು ಸಂಪಿಗೆ ಅಂತ" ಎಂದು ಮಗಳು ಪಟ್ಟುಹಿಡಿದಿದ್ದಾಳೆ. ಕಡತದಲ್ಲಿ ಆ ಎಡೆಯಲ್ಲಿ ಉಳಿದಿರುವುದು 'ಗೆ' ಎಂಬ ಒಂದೇ ಅಕ್ಷರ. ಛಂದಸ್ಸಿಗೆ ಎರಡೂ ಒಗ್ಗುವುವು. ಸದ್ಯಕ್ಕೆ ಎರಡನ್ನೂ ಬರೆದು ನಡುವೆ ಒಂದು ಗೆರೆಯನ್ನು ಎಳೆದಿಟ್ಟಿರುವೆನು. ಮುಂದಿನ ತಿಂಗಳು ಮಗಳು ತವರಿಗೆ ಬರುತ್ತಾಳೆ. ಸುಮ್ಮನೆ ಕುಳಿತರೆ ತನಗೂ ನೆನಪಾಗುವುದಿಲ್ಲವೆಂದೂ, ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಒಮ್ಮೆ ಹಾಡಿ ನೋಡುವೆನೆಂದೂ ಹೇಳಿದ್ದಾಳೆ.